ಆರು ವಚನ, ಒಂದು ಹಳೇ ಟಿಕೆಟು

ಸಂಡೇ ಸ್ಕೂಲಲ್ಲಿ ಬೈಬಲಿನ ವಚನ ಬಾಯಿಪಾಠ ಮಾಡಿದ್ದೆಲ್ಲ ಬಹುಮಾನಕ್ಕೆ. ಸ್ಟೀಲಿನ ಲೋಟ ಸಿಕ್ಕಿತು, ವಚನ ಮರೆತುಹೋಯಿತು. ಮತ್ತೆ ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ, ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿದಾಗ. ದಿನಾ ಕಾಸರಗೋಡಿನ ಉಪ್ಪಳದಿಂದ ರೈಲು. ಮೊಬೈಲು ತೆಗೆದರೆ ರೋಗದ ಹೆಸರು ಹುಡುಕುತ್ತಾ ಕೂರುವುದೇ ಕೆಲಸ, ತಲೆ ಮತ್ತೂ ಕೆಡುತ್ತಿತ್ತು.

ಮೊದಲು ಅಲ್ಲಿಂದೊಂದು ಇಲ್ಲಿಂದೊಂದು ಸಮಾಧಾನದ ವಚನ ಆರಿಸಿ ಕಲಿತೆ. ನಿಲ್ಲಲಿಲ್ಲ. ಬೇಕಾದ ಹೊತ್ತಿಗೆ ಒಂದೂ ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ 23ನೇ ಕೀರ್ತನೆಯನ್ನು ಇಡಿಯಾಗಿಯೇ ಹಿಡಿದೆ. ಬರೀ 6 ವಚನ, ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಟಿಕೆಟಿನ ಹಿಂದೆ ಪದಗಳ ಮೊದಲಕ್ಷರ ಮಾತ್ರ ಬರೆದುಕೊಳ್ಳುತ್ತಿದ್ದೆ: ಯೆ, ನ, ಕು, ಕೊ. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’

ಮನಸ್ಸಿನಲ್ಲೇ ಹೇಳಿಕೊಂಡರೆ ಎಲ್ಲ ಬಂದ ಹಾಗೆ ಅನಿಸುತ್ತದೆ, ಬಾಯಿ ಬಿಟ್ಟಾಗಲೇ ತಪ್ಪು ಗೊತ್ತಾಗುವುದು. ರೈಲಿನ ಗಲಾಟೆಯಲ್ಲಿ ಗಟ್ಟಿಯಾಗಿ ಹೇಳಿದರೂ ಯಾರಿಗೂ ಕೇಳುವುದಿಲ್ಲ (ಪಕ್ಕದ ಹೆಂಗಸೊಬ್ಬರು ಒಮ್ಮೆ ‘ಎಂತ, ಫೋನಾ?’ ಎಂದು ಕೇಳಿದ್ದುಂಟು). ನೇತ್ರಾವತಿ ಸೇತುವೆ ಬರುವಷ್ಟರಲ್ಲಿ ಒಂದು ವಚನ, ಮರುದಿನ ಮತ್ತೆ ಮೊದಲಿನಿಂದ. ಎರಡು ವಾರ ಹಿಡಿಯಿತು.

4ನೇ ವಚನದಲ್ಲಿ ಮಾತ್ರ ಪ್ರತಿಸಲ ಎಡವುತ್ತಿದ್ದೆ. ಶನಿವಾರ ರಾತ್ರಿ ಆಸ್ಪತ್ರೆಯಲ್ಲಿ ಉಳಿಯುವ ಪಾಳಿ ನನ್ನದು. ಒಂದು ಶನಿವಾರ ವಾರ್ಡಿನ ದೀಪ ಆರಿಸಿದ ಮೇಲೂ ಅಮ್ಮನಿಗೆ ನಿದ್ದೆ ಇಲ್ಲ. ಮೆಲ್ಲ ಹೇಳುತ್ತಾ ಹೋದೆ. ‘ನಾನು ಕಾರ್ಗತ್ತಲಿನ ಕಣಿವೆಯಲ್ಲಿ ನಡೆಯುವಾಗಲೂ ಆತನು ಹತ್ತಿರ...’

‘ಆತನು ಅಲ್ಲ ಮಗಾ, ನೀನು,’ ಅಂದರು ಅಮ್ಮ, ಕಣ್ಣು ಮುಚ್ಚಿಕೊಂಡೇ. ‘ನೀನು ಹತ್ತಿರವಿರುವದರಿಂದ.’

ಆಗ ತಲೆಗೆ ಹೋಯಿತು. ಮೊದಲ 3 ವಚನದಲ್ಲಿ ದೇವರು ‘ಆತನು’. ಹಸಿರು, ನೀರು, ಎಲ್ಲ ಚೆನ್ನಾಗಿರುವಾಗ ದೇವರ ಬಗ್ಗೆ ಮಾತು. ಕತ್ತಲೆಗೆ ಬಂದ ಕೂಡಲೇ ‘ನೀನು’, ನೇರ ದೇವರ ಹತ್ತಿರವೇ ಮಾತು. ಎಷ್ಟು ಸಲ ಓದಿದ್ದೆನೋ, ಇದು ಕಣ್ಣಿಗೇ ಬಿದ್ದಿರಲಿಲ್ಲ. ತಪ್ಪು ಹೇಳಿದ್ದಕ್ಕೆ ಗೊತ್ತಾಯಿತು ಅಷ್ಟೆ. ಆ ರಾತ್ರಿಯವರೆಗೆ ನನ್ನ ಪ್ರಾರ್ಥನೆಯೂ ಡಾಕ್ಟರ ರಿಪೋರ್ಟನ್ನು ದೇವರಿಗೆ ಓದಿ ಹೇಳಿದ ಹಾಗೇ ಇತ್ತು, ಆಮೇಲೆ ಹಾಗೆ ಮಾಡಲು ಆಗಲಿಲ್ಲ.

ಅಮ್ಮ ಈಗ ಮನೆಯಲ್ಲಿದ್ದಾರೆ. ನಾನು 121ನೇ ಕೀರ್ತನೆ ಹಿಡಿದಿದ್ದೇನೆ, 8 ವಚನ. ಮಗ ಮಲಯಾಳ ಮೀಡಿಯಂ, ಕನ್ನಡ ಓದಲು ತಡವರಿಸುತ್ತಾನೆ, ಆದರೆ ಅಜ್ಜಿಯ ಪಕ್ಕ ಮಲಗಿ ಕೇಳಿ ಕೇಳಿಯೇ ನನಗಿಂತ ಮೊದಲು 5ಕ್ಕೆ ತಲುಪಿದ್ದಾನೆ. ಮೊದಲ ವಚನದ ‘ನನ್ನ ಸಹಾಯವು ಎಲ್ಲಿಂದ ಬರುವದು?’ ಎಂಬುದನ್ನು ಅಜ್ಜಿಯ ಹಾಗೇ ಎಳೆದು ಹೇಳುತ್ತಾನೆ.