ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಕಂಪ್ಯೂಟರ್ ರಿಪೇರಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಟೈಪಿಂಗ್ ಅಂಗಡಿ. "ಅಕ್ಕೋರೆ, ಮನ್ಯಾಗಿನ ಕಂಪ್ಯೂಟರ್ ಭಾಳ ಸ್ಲೋ ಆಗ್ಯಾದ, ವೈರಸ್ ಬಂದಿರಬೇಕು" ಅಂತ ಬರುವವರಿಗೆ ನಾನು ಕೇಳೋದು ಒಂದೇ: ಮುಂಜಾನೆ ಚೆನ್ನಾಗಿ ಓಡಿ ಮಧ್ಯಾಹ್ನ ಒದ್ದಾಡ್ತದೇನು? ಹೌದು ಅಂದರೆ ವೈರಸ್ಸಿಗಿಂತ ಮೊದಲು ಧೂಳಿನ ಮೇಲೆ ಅನುಮಾನ ಪಡಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಕಂಪ್ಯೂಟರಿನ ಕೆಲಸವೆಲ್ಲ ಮಾಡುವ ಚಿಪ್, ಅಂದರೆ ಪ್ರೊಸೆಸರ್, ಮಿತಿಮೀರಿ ಕಾದರೆ ಸುಟ್ಟುಹೋಗಬಾರದೆಂದು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸಿಪಿಯು ಡಬ್ಬಿಯನ್ನು ಅಂಗಳಕ್ಕೆ ತನ್ನಿ. ಹಿಂದಿನ ಎರಡು ಸ್ಕ್ರೂ ಬಿಚ್ಚಿದರೆ ಪಕ್ಕದ ತಗಡು ಸರಿಯುತ್ತದೆ. ಒಳಗಿನ ಕಬ್ಬಿಣವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಕರೆಂಟ್ ಹೋಗಲಿ. ಪ್ರೊಸೆಸರ್ ಮೇಲಿನ ಫ್ಯಾನ್ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಅವುಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿ ಬಿಸಿ ಹೊರಹೋಗದಂತೆ ತಡೆದಿರುತ್ತದೆ. ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದು, ಒಣಗಿದ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಕೆದಕಿ. ಬಾಯಿಂದ ಊದಬೇಡಿ, ಉಗುಳು ಬೀಳುತ್ತದೆ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ವೈರ್ ಬಂದು ಸೇರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ತಿರುಗಿ ಇಡುವಾಗ ಶಹಾಬಾದ್ ಕಲ್ಲಿನ ಗೂಡಿನೊಳಗೆ ತುರುಕಬೇಡಿ. ಗೋಡೆಯಿಂದ ಒಂದು ಗೇಣು ದೂರವಿರಲಿ. ನೀರಿನ ಕೂಲರ್ ನೇರವಾಗಿ ಅದರ ಕಡೆ ತಿರುಗಿಸಿದರೆ ತಂಪಿನ ಜೊತೆ ತೇವವೂ ಒಳಗೆ ಹೋಗುತ್ತದೆ.

ಇನ್ನು ವಿಂಡೋಸ್ ಕಡೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಸ್ಟಾರ್ಟಪ್ ಪಟ್ಟಿಗೆ ಹೋಗಿ, ಕಂಪ್ಯೂಟರ್ ಜೊತೆಗೇ ಏಳುವ ಚಾಟಿಂಗ್, ಗೇಮ್ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಹೆಸರು ಗುರುತಿಲ್ಲದ್ದನ್ನು ಮುಟ್ಟಬೇಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ಎರಡೂ ಒಂದೇ ಫೈಲಿಗೆ ಕಚ್ಚಾಡುತ್ತವೆ. "ಒಂದೇ ಕ್ಲಿಕ್ಕಿಗೆ ಸ್ಪೀಡ್" ಎನ್ನುವ ಪುಕ್ಕಟೆ ಕ್ಲೀನರ್‌ಗಳನ್ನು ನಾನಂತೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಜಾಗ ತುಂಬಿ ಸಿ ಡ್ರೈವ್ ಕೆಂಪಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ತೆರೆಯಿರಿ. ಅಲ್ಲಿ ಡೌನ್‌ಲೋಡ್ಸ್ ಎದುರು ಟಿಕ್ ಇದ್ದರೆ ಆ ಟಿಕ್ ತೆಗೆದ ಮೇಲೆಯೇ ಉಳಿದದ್ದನ್ನು ಅಳಿಸಿ. ಮಕ್ಕಳ ಮಾರ್ಕ್ಸ್ ಕಾರ್ಡು, ಪಹಣಿ, ಆಧಾರ್ ಎಲ್ಲವೂ ಬಿದ್ದಿರುವುದು ಅದೇ ಫೋಲ್ಡರಿನಲ್ಲಿ. ಮದುವೆ ವಿಡಿಯೋಗಳನ್ನು ಡಿ ಡ್ರೈವಿಗೆ ಸಾಗಿಸಿ.

ದಿನಾ ಶಟ್‌ಡೌನ್ ಮಾಡುತ್ತೇವಲ್ಲ ಅನ್ನಬೇಡಿ. ಕಂಪ್ಯೂಟರ್ ಬೇಗ ಏಳಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದಲ್ಲಿ, ಶಟ್‌ಡೌನ್ ಒತ್ತಿದರೂ ವಿಂಡೋಸ್ ಅರೆನಿದ್ದೆಗೆ ಜಾರುತ್ತದೆ ಅಷ್ಟೇ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಒತ್ತಿದಾಗ. ವಾರಕ್ಕೊಮ್ಮೆ ಒತ್ತಿ.

ಇಷ್ಟಾದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ 100% ತೋರಿಸುತ್ತಿದ್ದರೆ ಹಾರ್ಡ್‌ಡಿಸ್ಕ್ ದಣಿದಿರಬಹುದು. ಆಗ ಬೇರೆ ಏನೂ ಮಾಡುವ ಮೊದಲು ಫೋಟೋ, ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.