ಮನೆ ಜೆಟ್ಟಿಗೆ ತಕ್ಕ ಬೋಟ್: ನಾನು ಆರಿಸಿದ್ದು ಹೀಗೆ

ನಮ್ಮ ಮನೆ ಇರುವುದು ಉಬ್ಬರ ಇಳಿತ ಇರುವ ಹಿನ್ನೀರಿನ ದಡದಲ್ಲಿ. ಮನೆಯ ಹಿಂದೆಯೇ ಜೆಟ್ಟಿ. ಬೋಟ್ ಕೊಳ್ಳೋಣ ಅಂತ ತೀರ್ಮಾನ ಆದಾಗ ನಾನು ಮೊದಲು ಕೈಗೆತ್ತಿಕೊಂಡಿದ್ದು ಒಂದು ಉದ್ದದ ಕೋಲು. ಅದಕ್ಕೆ 10 ಸೆಂ.ಮೀ.ಗೊಂದು ಗುರುತು ಹಾಕಿದೆ. ಬೋಟ್ ಎಷ್ಟೇ ಚೆನ್ನಾಗಿರಲಿ, ನಮ್ಮ ನೀರಿನಲ್ಲಿ ತೇಲದಿದ್ದರೆ ಅದು ನಮ್ಮದಲ್ಲ.

ಆಳ ಅಳೆಯಲು ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದಿನಗಳನ್ನೇ ಆರಿಸಿಕೊಂಡೆ. ಆಗ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ. ನೀರು ತೀರಾ ಕೆಳಗಿಳಿದ ಹೊತ್ತಿನ ಅಳತೆಯೇ ನಿಜವಾದ ಅಳತೆ. ಜೆಟ್ಟಿಯ ಪಕ್ಕದಲ್ಲಿ ಮಾತ್ರ ಅಳೆದು ಬಿಟ್ಟರೆ ಸಾಲದು. ನಮ್ಮಲ್ಲಿ ಜೆಟ್ಟಿಯ ಬುಡದಲ್ಲಿ ಸಾಕಷ್ಟು ಆಳ ಇತ್ತು. ಅಲ್ಲಿಂದ ದೊಡ್ಡ ಕಾಲುವೆಗೆ ಸೇರುವ ದಾರಿಯಲ್ಲಿ ಹೂಳು ಕೂತು ಒಂದು ದಿಬ್ಬ ಎದ್ದಿತ್ತು. ಹೊರಗೆ ಹೋಗುವ ಇಡೀ ದಾರಿಯಲ್ಲಿ ಎಲ್ಲಿ ಆಳ ಕಡಿಮೆಯೋ ಅದೇ ನಿಮ್ಮ ಬೋಟಿನ ಅಳತೆ. ನಾನು ಆ ದಿಬ್ಬದ ಅಳತೆ ಹಿಡಿದು, ಪ್ರೊಪೆಲ್ಲರಿನ ಕೆಳಗೆ ಕಡಿಮೆ ಅಂದರೂ 30 ಸೆಂ.ಮೀ. ನೀರು ಉಳಿಯಬೇಕು ಅಂತ ಲೆಕ್ಕ ಹಾಕಿದೆ. ಗಾಳಿ ಒಂದೇ ಸಮ ದಡದಿಂದ ಹೊರಗೆ ಬೀಸಿದರೂ ನೀರಿನ ಮಟ್ಟ ಇಳಿಯುತ್ತದೆ. ಆದ್ದರಿಂದ ಆ 30ರಲ್ಲಿ ಜಿಪುಣತನ ಬೇಡ.

ದಾರಿಯಲ್ಲಿ ಸೇತುವೆ ಇದ್ದರೆ ಅದನ್ನೂ ನೋಡಬೇಕು. ಜಲನಕ್ಷೆಯಲ್ಲಿ ಆಳವನ್ನು ಇಳಿತದ ಮಟ್ಟದಿಂದ ಕೊಡುತ್ತಾರೆ, ಸೇತುವೆಯ ಎತ್ತರವನ್ನು ಉಬ್ಬರದ ಮಟ್ಟದಿಂದ. ಮೇಲೆ ಗಟ್ಟಿ ಚಾವಣಿ ಇರುವ ಬೋಟ್ ಕೊಳ್ಳುವವರು ಆಂಟೆನಾ ಸೇರಿಸಿ ಅಳೆಯಬೇಕು. ಮಡಚುವ ಬಟ್ಟೆಯ ಚಾವಣಿ ಇದ್ದರೆ ಈ ತಲೆನೋವು ಕಡಿಮೆ.

ಆಮೇಲೆ, ಬೋಟಿನಲ್ಲಿ ನಾವು ನಿಜವಾಗಿ ಏನು ಮಾಡುತ್ತೇವೆ ಅನ್ನುವ ಪ್ರಶ್ನೆ. ವರ್ಷಕ್ಕೊಮ್ಮೆ ಹನ್ನೆರಡು ಜನ ನೆಂಟರು ಬಂದಾಗ ಎಲ್ಲರೂ ಹಿಡಿಸಬೇಕು ಅಂತ ಲೆಕ್ಕ ಹಾಕಿದರೆ, ಉಳಿದ ದಿನಗಳಲ್ಲಿ ಇಬ್ಬರೇ ಆ ದೊಡ್ಡ ಬೋಟನ್ನು ಎಳೆದಾಡಬೇಕಾಗುತ್ತದೆ. ಆಫೀಸು ಮುಗಿದ ಮೇಲೆ ಒಂದು ಗಂಟೆ ಸುಮ್ನೆ ಸುತ್ತಿ ಬರುವುದು, ರಜೆಯಲ್ಲಿ ಮಕ್ಕಳನ್ನು ಈಜಲು ಕರೆದೊಯ್ಯುವುದು, ಅಮ್ಮನನ್ನು ಕೂರಿಸಿಕೊಂಡು ಸೂರ್ಯಾಸ್ತ ನೋಡುವುದು. ನಮ್ಮ ಬಳಕೆ ಇಷ್ಟೇ. ಮನೆಯೇ ಇಷ್ಟು ಹತ್ತಿರ ಇರುವಾಗ ಬೋಟಿನೊಳಗೆ ಮಲಗುವ ಕೋಣೆ, ಅಡುಗೆ ಕಟ್ಟೆ ಯಾಕೆ ಅಲ್ವಾ? ಆ ಜಾಗವೆಲ್ಲ ಕೂರಲು ಸಿಗಲಿ ಅಂದುಕೊಂಡೆ. ಹಗಲಿಗೆ ಹೋಗಿ ಬರುವ ಇಂಥ ಬೋಟುಗಳು ಸಾಮಾನ್ಯವಾಗಿ 6ರಿಂದ 9 ಮೀಟರ್ ಉದ್ದ ಇರುತ್ತವೆ. ಒಬ್ಬರೇ ಬಿಚ್ಚಿ, ಒಬ್ಬರೇ ಕಟ್ಟಲು ಆಗುವ ಗಾತ್ರ ಬೇಕು ಅಂತ 7 ಮೀಟರಿಗೆ ನಿಂತೆ.

ಅಮ್ಮನ ಮಂಡಿನೋವು ಅರ್ಧ ಆಯ್ಕೆಯನ್ನು ತಾನೇ ಮಾಡಿತು ಅನ್ನಬಹುದು. ನಮ್ಮದು ಕಂಬದ ಮೇಲೆ ನಿಂತ ಜೆಟ್ಟಿ, ಅದು ಅಲ್ಲಾಡುವುದಿಲ್ಲ. ಬೋಟ್ ಮಾತ್ರ ನೀರಿನ ಜೊತೆ ಏರಿ ಇಳಿಯುತ್ತದೆ. ಬೆಳಿಗ್ಗೆ ಸಮಕ್ಕಿದ್ದ ಅಂಚು ಮಧ್ಯಾಹ್ನ ಮೊಣಕಾಲಿನಷ್ಟು ಕೆಳಗೆ ಹೋಗಿರುತ್ತದೆ. ತೇಲುವ ಜೆಟ್ಟಿ ಇದ್ದವರಿಗೆ ಈ ಸಮಸ್ಯೆ ಇಲ್ಲ, ಅದು ಬೋಟಿನ ಜೊತೆಗೇ ಏರಿಳಿಯುತ್ತದೆ. ನಾನು ಜೆಟ್ಟಿಯ ಪಕ್ಕಕ್ಕೆ ಒಂದು ಸಣ್ಣ ತೇಲುವ ಕಟ್ಟೆ ಸೇರಿಸಿ, ಬದಿಯಲ್ಲಿ ಬಾಗಿಲಿರುವ ಬೋಟನ್ನೇ ಹುಡುಕಿದೆ. ಬಾಗಿಲ ಪಕ್ಕ ಕೈ ಹಿಡಿಯಲು ಗಟ್ಟಿ ಕಂಬಿ ಇದೆಯೇ, ಕಾಲಿಡುವ ಜಾಗ ಒದ್ದೆಯಾದಾಗ ಜಾರುತ್ತದೆಯೇ ಅಂತ ಬರಿಗಾಲಲ್ಲಿ ನಿಂತೇ ನೋಡಿದೆ. ಹಿಂದಿನ ಏಣಿಯ ಕೊನೆಯ ಮೆಟ್ಟಿಲುಗಳು ನೀರಿನೊಳಗೆ ಚೆನ್ನಾಗಿ ಕೆಳಗಿಳಿದಿರಬೇಕು. ಈಜಿ ಸುಸ್ತಾದವರಿಗೆ ನೀರಿನ ಮಟ್ಟದಲ್ಲೇ ನಿಂತುಬಿಡುವ ಏಣಿ ಏರಲು ಆಗುವುದಿಲ್ಲ.

ಬೋಟಿನ ತಳದ ಬಗ್ಗೆ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡೆ. ಹಿಂಭಾಗದಲ್ಲೂ 20ರಿಂದ 24 ಡಿಗ್ರಿ ಚೂಪು ಉಳಿಸಿಕೊಂಡ ವಿ ಆಕಾರದ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಬೆನ್ನಿಗೆ ಪೆಟ್ಟು ಕಡಿಮೆ. ಆದರೆ ನಿಂತಾಗ ಜಾಸ್ತಿ ವಾಲಾಡುತ್ತದೆ, ಅದೇ ವೇಗಕ್ಕೆ ಜಾಸ್ತಿ ಶಕ್ತಿ ಬೇಕು. ಚಪ್ಪಟೆ ತಳ ನಿಂತಾಗ ಗಟ್ಟಿ, ಕಡಿಮೆ ಆಳಕ್ಕೂ ಆಗುತ್ತದೆ. ಸಣ್ಣ ಅಲೆ ಎದ್ದರೂ ಅದು ಪಟಪಟ ಬಡಿಯುತ್ತದೆ. ಎರಡು ಕೊಳವೆಗಳ ಮೇಲೆ ಕಟ್ಟೆ ಇಟ್ಟಂತಿರುವ ಪಾಂಟೂನ್ ಬೋಟ್ ಕೆರೆಗೆ, ಶಾಂತ ನದಿಗೆ ಬಹಳ ಚೆನ್ನ. ವಯಸ್ಸಾದವರಿಗೆ, ಗಾಲಿಕುರ್ಚಿಯವರಿಗೆ ಅದಕ್ಕಿಂತ ಸುಲಭದ್ದು ನಾನು ನೋಡಿಲ್ಲ. ನಮ್ಮ ಹಿನ್ನೀರು ಕೊನೆಯಲ್ಲಿ ಬಯಲು ನೀರಿಗೆ ತೆರೆದುಕೊಳ್ಳುತ್ತದೆ, ಮಧ್ಯಾಹ್ನದ ಮೇಲೆ ಗಾಳಿ ಜೋರು. ಅದಕ್ಕೆ ಮಧ್ಯದ ದಾರಿ ಹಿಡಿದು 18 ಡಿಗ್ರಿ ತಳದ್ದು ಆರಿಸಿದೆ.

ಇಲ್ಲಿ ಬೋಟಿನ ಮೇಲಿನ ಫಲಕ ಓದುವ ಅಭ್ಯಾಸ ಸಹಾಯಕ್ಕೆ ಬಂತು. ಯುರೋಪಿನ ನಿಯಮದಂತೆ ತಯಾರಾದ ಬೋಟುಗಳಿಗೆ ಎ, ಬಿ, ಸಿ, ಡಿ ಅಂತ ವರ್ಗ ಇರುತ್ತದೆ. ಡಿ ವರ್ಗ ಅಂದರೆ 0.3 ಮೀಟರ್ ಅಲೆಯ ಒಳನೀರಿಗೆ ಸರಿ, ಸಿ ವರ್ಗ 2 ಮೀಟರ್ ಅಲೆಯವರೆಗೆ. ಎಷ್ಟು ಜನ, ಎಷ್ಟು ತೂಕ ಅನ್ನುವುದೂ ಅದೇ ಫಲಕದಲ್ಲಿದೆ. ಸೀಟುಗಳನ್ನು ಎಣಿಸಿ ಜನರ ಲೆಕ್ಕ ಹಾಕಬೇಡಿ. ಫಲಕದ ಲೆಕ್ಕವೇ ಲೆಕ್ಕ.

ಇಂಜಿನ್ ವಿಷಯದಲ್ಲಿ ವಿದ್ಯುತ್ ಮೋಟಾರಿನ ಕಡೆಗೆ ನನ್ನ ಮನಸ್ಸು ತುಂಬಾ ವಾಲಿತ್ತು. ಮನೆಯಲ್ಲೇ ಚಾರ್ಜ್ ಆಗುತ್ತದೆ, ಸದ್ದಿಲ್ಲ, ಹೊಗೆ ಇಲ್ಲ. ನೀರನ್ನು ತಳ್ಳಿಕೊಂಡು ನಿಧಾನವಾಗಿ ಹೋಗುವ ಬೋಟಿಗೆ ಒಂದು ಸಹಜ ವೇಗ ಇದೆ. ನೀರಿನ ಮಟ್ಟದಲ್ಲಿ ಬೋಟಿನ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅದು ನಾಟ್ ಲೆಕ್ಕದಲ್ಲಿ ಸಿಗುತ್ತದೆ. 20 ಅಡಿಗೆ ಸುಮಾರು 6 ನಾಟ್, ಅಂದರೆ ಗಂಟೆಗೆ 11 ಕಿ.ಮೀ. ಆ ವೇಗದೊಳಗೆ ಇದ್ದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ನೀರಿನ ಮೇಲೆದ್ದು ಓಡಿಸಹೊರಟರೆ ಬೇಗ ಖಾಲಿ. ಮನೆ ಶಾಂತ ಕೆರೆಯ ದಡದಲ್ಲಿದ್ದಿದ್ದರೆ ನಾನು ಕಣ್ಣು ಮುಚ್ಚಿ ವಿದ್ಯುತ್ ಬೋಟ್ ತರುತ್ತಿದ್ದೆ. ಗಾಳಿ ಎದ್ದಾಗ ಬಯಲಿನಿಂದ ಬೇಗ ವಾಪಸ್ ಬರಬೇಕಾದ ನಮಗೆ ಫೋರ್ ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಡೆ ಕೂರಿಸುವ ಇಂಜಿನ್, ಸರಿಹೋಯಿತು.

ಔಟ್‌ಬೋರ್ಡ್ ಆರಿಸಲು ಇನ್ನೂ ಕಾರಣಗಳಿವೆ. ಅದನ್ನು ಎತ್ತಿ ನೀರಿನಿಂದ ಹೊರಗಿಡಬಹುದು, ಉಪ್ಪುನೀರಿನಲ್ಲಿ ಅದೇ ದೊಡ್ಡ ಲಾಭ. ದಿಬ್ಬ ದಾಟುವಾಗ ಸ್ವಲ್ಪ ಎತ್ತಿಕೊಂಡು ನಿಧಾನವಾಗಿ ಹೋಗಬಹುದು, ಇಂಜಿನ್ ತಂಪಾಗಿಸುವ ನೀರನ್ನು ಎಳೆದುಕೊಳ್ಳುವ ರಂಧ್ರ ಮಾತ್ರ ನೀರಿನಲ್ಲೇ ಇರಬೇಕು. ಒಳಗೆ ಕೂರಿಸಿದ ಪೆಟ್ರೋಲ್ ಇಂಜಿನ್ ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಆವಿಯನ್ನು ಹೊರಹಾಕುವ ಫ್ಯಾನ್ (ಬ್ಲೋವರ್) ಅನ್ನು 4 ನಿಮಿಷ ಓಡಿಸಲೇಬೇಕು. ಇದು ಮರೆಯುವ ಮಾತಲ್ಲ.

ನಮ್ಮ ಬೋಟ್ ನಿಲ್ಲುವುದು ಅದನ್ನು ನೀರಿನಿಂದ ಮೇಲೆತ್ತಿ ಹಿಡಿಯುವ ಲಿಫ್ಟ್ ಮೇಲೆ. ನೀರಿನಲ್ಲೇ ಬಿಟ್ಟರೆ ತಳಕ್ಕೆ ಪಾಚಿ, ಚಿಪ್ಪು ಅಂಟಿಕೊಳ್ಳುತ್ತವೆ, ಅವನ್ನು ತಡೆಯುವ ಬಣ್ಣ ಆಗಾಗ ಬಳಿಯಬೇಕು. ಲಿಫ್ಟಿನ ಸಾಮರ್ಥ್ಯ ನೋಡುವಾಗ ಪುಸ್ತಿಕೆಯಲ್ಲಿರುವ ಒಣ ತೂಕ, ಅಂದರೆ ಇಂಧನ, ಸಾಮಾನು ಇಲ್ಲದ ತೂಕ, ನಂಬಬಾರದು. ಎಷ್ಟೋ ಕಡೆ ಅದರಲ್ಲಿ ಇಂಜಿನ್ ಸೇರಿರುವುದಿಲ್ಲ. 200 ಲೀಟರ್ ಪೆಟ್ರೋಲ್ ಅಂದರೇ ಸುಮಾರು 150 ಕೆ.ಜಿ. ಬ್ಯಾಟರಿ, ಲಂಗರು, ಸಾಮಾನು ಎಲ್ಲ ಕೂಡಿಸಿ, ಅದರ ಮೇಲೆ ಕಾಲುಭಾಗ ಜಾಸ್ತಿ ಇಟ್ಟುಕೊಂಡೆ. ಮಳೆನೀರು ಹೋಗಲಿ ಅಂತ ಲಿಫ್ಟ್ ಮೇಲೆ ತಳದ ಬಿರಡೆ ತೆಗೆದಿಡುತ್ತೇವೆ, ಆ ಬಿರಡೆಯನ್ನು ಸ್ಟಾರ್ಟ್ ಕೀಲಿಗೇ ಕಟ್ಟಿದ್ದೇನೆ. ಕೀಲಿ ತೆಗೆದುಕೊಂಡರೆ ಬಿರಡೆಯೂ ಕೈಗೆ ಬರುತ್ತದೆ.

ಜೆಟ್ಟಿಗೆ ಕರೆಂಟ್ ತಂದಿರುವ ಎಲ್ಲರಿಗೂ ಒಂದು ಮಾತು, ಕೈಮುಗಿದು ಹೇಳುತ್ತೇನೆ. ವೈರಿಂಗ್ ಕೆಟ್ಟು ನೀರಿಗೆ ಕರೆಂಟ್ ಸೋರಿದರೆ ಈಜುವವರ ಕೈಕಾಲು ಆಡದೆ ಮುಳುಗಿಬಿಡುತ್ತಾರೆ. ಸಿಹಿನೀರಿನಲ್ಲಿ ಈ ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ನೀರಿಗಿಂತ ಮನುಷ್ಯನ ಮೈಯೇ ಕರೆಂಟಿಗೆ ಸುಲಭದ ದಾರಿ. ಸೋರಿಕೆ ಕಂಡ ತಕ್ಷಣ ಕಡಿತ ಮಾಡುವ 30 ಮಿಲಿಆಂಪಿಯರ್ ಬ್ರೇಕರ್ ಹಾಕಿಸಿ, ಆಗಾಗ ಪರೀಕ್ಷಿಸಿ. ಆದರೂ ಜೆಟ್ಟಿಯ ಸುತ್ತ ಯಾರನ್ನೂ ಈಜಲು ಬಿಡಬೇಡಿ. ನಮ್ಮ ಮಕ್ಕಳು ಈಜುವುದು ಬೋಟಿನಲ್ಲಿ ದೂರ ಹೋಗಿ, ಇಂಜಿನ್ ಆರಿಸಿದ ಮೇಲೆಯೇ.

ಜೆಟ್ಟಿಯ ತುದಿಗೆ ಸಿಹಿನೀರಿನ ನಲ್ಲಿ ಎಳೆಸಿದೆ. ಉಪ್ಪುನೀರಿನಿಂದ ಬಂದಾಗಲೆಲ್ಲ ಇಂಜಿನ್ ಒಳಗೆ ಸಿಹಿನೀರು ಹರಿಸಬೇಕು, ನಲ್ಲಿ ದೂರ ಇದ್ದರೆ ಆ ಕೆಲಸ ನಾಳೆಗೆ ಹೋಗುತ್ತದೆ. ಬೋಟಿನ ಲೋಹವನ್ನು ನೀರು ತಿನ್ನದಂತೆ ತಾನೇ ಸವೆಯುವ ಆನೋಡ್ ತುಂಡುಗಳೂ ನೀರಿಗೆ ತಕ್ಕದ್ದಿರಬೇಕು. ಉಪ್ಪುನೀರಿಗೆ ಸತು, ಬೆರಕೆ ನೀರಿಗೆ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ.

ಕೊನೆಗೆ ಉಳಿದಿದ್ದು ಎರಡು ಬೋಟ್. ಮಾರುವವರ ಜಾಗದಲ್ಲಿ, ಬೆಳಗಿನ ಶಾಂತ ನೀರಿನಲ್ಲಿ ಎರಡೂ ಸೊಗಸಾಗಿದ್ದವು. ನಾನು ಮಾರುವವರಿಬ್ಬರನ್ನೂ ಬೋಟ್ ಸಮೇತ ಮಧ್ಯಾಹ್ನ, ಗಾಳಿ ಎದ್ದ ಮೇಲೆ, ನಮ್ಮ ಜೆಟ್ಟಿಗೇ ಕರೆದೆ. ಮನೆಮಂದಿಯೆಲ್ಲ ಕೂತೆವು, ಟ್ಯಾಂಕ್ ತುಂಬಿತ್ತು. ದಿಬ್ಬ ದಾಟಿ, ಬಯಲಿಗೆ ಹೋಗಿ, ವಾಪಸ್ ಬಂದು ಕಟ್ಟುವ ಕೆಲಸ ನಾನೊಬ್ಬನೇ ಮಾಡಿ ನೋಡಿದೆ. ಗಟ್ಟಿ ಚಾವಣಿಯಿದ್ದ ಎತ್ತರದ ಬೋಟನ್ನು ಗಾಳಿ ಪಕ್ಕಕ್ಕೆ ನೂಕುತ್ತಿತ್ತು, ಕಂಬಕ್ಕೆ ಹಗ್ಗ ಹಾಕುವಷ್ಟರಲ್ಲಿ ಅದು ದೂರ ಸರಿಯುತ್ತಿತ್ತು. ತಗ್ಗಿನದ್ದು ಹೇಳಿದ ಮಾತು ಕೇಳಿತು. ನಿಧಾನಕ್ಕೆ ಬಿಟ್ಟಾಗ ಅದು ಎಬ್ಬಿಸುವ ಅಲೆಯೂ ಸಣ್ಣದು, ಪಕ್ಕದ ಮನೆಯವರ ದಡ ಕೊರೆಯುವುದಿಲ್ಲ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಕಂಬಿ ಹಿಡಿದು ಹತ್ತಿ ಇಳಿದರು. ಬೆಲೆಯ ಮಾತು ಶುರು ಮಾಡಿದ್ದು ಅದಾದ ಮೇಲೆ.