ಸಂದರ್ಶನಕ್ಕೆ ಹೊರಟಿದ್ದೀರಾ? ಕ್ರಿಸ್ ಗಾರ್ಡ್‌ನರ್ ಕೂತ ಆ ಕುರ್ಚಿಯನ್ನು ನೆನೆಯಿರಿ

2006ರ ‘ದ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ಚಿತ್ರದಲ್ಲಿ ವಿಲ್ ಸ್ಮಿತ್ ಮಾಡಿದ ಕ್ರಿಸ್ ಗಾರ್ಡ್‌ನರ್ ಪಾತ್ರ ಷೇರು ದಲ್ಲಾಳಿ ಕಂಪನಿಯ ಸಂದರ್ಶನಕ್ಕೆ ಪೇಂಟ್ ಮೆತ್ತಿದ ಬಟ್ಟೆಯಲ್ಲೇ ಬರುತ್ತದೆ. ಮನೆಗೆ ಬಣ್ಣ ಹಚ್ಚುತ್ತಿದ್ದವನನ್ನು ಪಾರ್ಕಿಂಗ್ ದಂಡ ಕಟ್ಟಿಲ್ಲವೆಂದು ಪೊಲೀಸರು ಕರೆದೊಯ್ದಿದ್ದರು. ರಾತ್ರಿ ಲಾಕಪ್ಪಿನಲ್ಲಿ ಕಳೆದು ಅಲ್ಲಿಂದಲೇ ಓಡಿ ಬಂದಿದ್ದಾನೆ. ಇದನ್ನು ನೋಡಿ ‘ಬಟ್ಟೆಯಲ್ಲೇನಿದೆ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಕಥೆ ಕಟ್ಟೋಣವೆಂದು ಹೊರಗೆ ಕೂತು ಯೋಚಿಸಿದೆ, ಹೊಳೆಯಲಿಲ್ಲ ಎಂದು ಅವನು ನಡೆದದ್ದನ್ನು ತಾನಾಗಿ ಹೇಳಿಬಿಡುತ್ತಾನೆ. ಕಲಿಯಬೇಕಾದದ್ದು ಅದನ್ನು.

ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿ, ಮಷಿನ್ ಶಾಪುಗಳಿಗೆ ಐಟಿಐ, ಡಿಪ್ಲೊಮಾ ಮುಗಿಸಿ ಹೋಗುವ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಿಂದಿನ ದಿನದ ಕೆಲಸ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಮಾರ್ಕ್ಸ್ ಕಾರ್ಡು, ಆಧಾರ್, ಎರಡು ಸೆಟ್ ಝೆರಾಕ್ಸ್, ಫೋಟೊ ಒಂದೇ ಫೈಲಿಗೆ ಹಾಕಿ. ಇಸ್ತ್ರಿ ಮಾಡಿದ ತಿಳಿಬಣ್ಣದ ಬಟ್ಟೆ ಸಾಕು, ಹೊಸದು ಬೇಕಿಲ್ಲ. ಅಥಣಿ, ಸವದತ್ತಿ ಕಡೆಯಿಂದ ಬರುವವರು ಒಂದು ಬಸ್ಸು ಮುಂಚೆಯೇ ಹಿಡಿಯಿರಿ. ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದರೆ ಸಿಟಿ ಬಸ್ಸು ಅಲ್ಲೇ ನಿಲ್ಲುತ್ತದೆ. ತಡವಾಗುವುದು ಖಾತ್ರಿಯಾದ ಕೂಡಲೇ ಫೋನ್ ಮಾಡಿ ತಿಳಿಸಿ.

ಒಳಗೆ ಹೋದ ಮೇಲೆ ನಮಸ್ಕಾರ ಹೇಳಿ, ಕೂಡ್ರು ಅಂದ ಮೇಲೆ ಕೂಡ್ರಿ. ಇಂಗ್ಲಿಷ್ ತಡವರಿಸಿದರೆ ‘ಕನ್ನಡದಾಗ ಹೇಳ್ಲೇನ್ರಿ ಸರ್?’ ಎಂದು ಕೇಳುವುದರಲ್ಲಿ ಅವಮಾನವಿಲ್ಲ. ಬಾಯಿಪಾಠದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ನಿಂತುಹೋಗುತ್ತದೆ.

ಇನ್ನು ಕಷ್ಟದ ಭಾಗ: ನಿಮ್ಮ ಕೊರತೆ. ಬ್ಯಾಕ್ (ಪಾಸಾಗದ ವಿಷಯ) ಉಳಿದಿದ್ದು, ನಡುವೆ ಒಂದು ವರ್ಷ ಮನೆಯಲ್ಲಿ ಕೂತಿದ್ದು, ಹಳೆಯ ಕೆಲಸ ಬಿಟ್ಟಿದ್ದು, ಇವೆಲ್ಲ ಮಾರ್ಕ್ಸ್ ಕಾರ್ಡಿನಲ್ಲಿ, ಬಯೋಡೇಟಾದಲ್ಲಿ ಕಂಡೇ ಕಾಣುತ್ತವೆ. ಎರಡು ಮಾತಿನಲ್ಲಿ ಹೇಳಿ ಮುಗಿಸಿ: ‘ಮೂರನೇ ಸೆಮ್‌ನ್ಯಾಗ ಎರಡು ಬ್ಯಾಕ್ ಇದ್ದುವ್ರಿ. ಐದನೇ ಸೆಮ್‌ಗೆ ಎರಡೂ ತಗದೀನ್ರಿ.’ ಅಷ್ಟೇ. ಮೇಷ್ಟ್ರನ್ನು, ಹಳೆಯ ಮಾಲೀಕರನ್ನು ದೂರಬೇಡಿ. ಮನೆಯ ಕಷ್ಟವನ್ನು ಉದ್ದಕ್ಕೆ ಎಳೆಯಬೇಡಿ. ಗಾರ್ಡ್‌ನರ್ ಕೂಡ ಲಾಕಪ್ಪಿನ ಸುದ್ದಿಯನ್ನು ಬೇಗ ಮುಗಿಸಿ, ತನ್ನ ಬಗ್ಗೆ ಹೀಗೆನ್ನುತ್ತಾನೆ: ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳುವವನು ನಾನು, ಆದರೆ ಅದನ್ನು ಹುಡುಕುವ ದಾರಿ ನನಗೆ ಗೊತ್ತು.

ನಮ್ಮ ಶಾಪ್ ಫ್ಲೋರಿನಲ್ಲಿ ಆ ಮಾತು ಹೀಗೆ ಬರಬೇಕು: ‘ವಿಎಂಸಿ ನಾ ಓಡ್ಸಿಲ್ರಿ. ಸಿಎನ್‌ಸಿ ಟರ್ನಿಂಗ್ ಮಾಡೀನ್ರಿ. ಯಾರರ ಸಂಗಡ ಒಂದಿಷ್ಟು ದಿನ ನಿಂದ್ರಿಸಿದ್ರ ಕಲೀತೀನ್ರಿ.’ (ವಿಎಂಸಿ ಎಂದರೆ ಲೋಹವನ್ನು ಕೊರೆಯುವ, ಕೆತ್ತುವ ಕಂಪ್ಯೂಟರ್ ನಿಯಂತ್ರಿತ ಯಂತ್ರ; ಸಿಎನ್‌ಸಿ ಟರ್ನಿಂಗ್ ಎಂದರೆ ಕಂಪ್ಯೂಟರ್ ನಿಯಂತ್ರಿತ ಲೇತಿನ ಕೆಲಸ.) ಬರೀ ‘ಗೊತ್ತಿಲ್ಲ’ ಎಂದು ಸುಮ್ಮನೆ ಕೂತರೆ ಪ್ರಯೋಜನವಿಲ್ಲ, ಗೊತ್ತಿರುವುದೇನೆಂದೂ ಹೇಳಬೇಕು.

ಗೊತ್ತಿರುವುದನ್ನು ಮಾತ್ರ ಗಟ್ಟಿ ಮಾಡಿಕೊಂಡು ಹೋಗಿ. ಕ್ವಾಲಿಟಿ ವಿಭಾಗದ ಕೆಲಸವಾದರೆ ಜಾಬ್ (ಯಂತ್ರದಲ್ಲಿ ತಯಾರಾದ ಬಿಡಿಭಾಗ) ಒಂದನ್ನು ಮುಂದಿಟ್ಟು, ವರ್ನಿಯರ್ ಎಂಬ ಅಳತೆ ಉಪಕರಣ ಕೊಟ್ಟು ಅಳೆಯಲು ಹೇಳಬಹುದು. ಗಡಿಬಿಡಿಯಲ್ಲಿ ಓದಿ ಹೇಳಬೇಡಿ. ವರ್ನಿಯರಿನ ದವಡೆಗಳನ್ನು ಒರೆಸಿ, ಮುಚ್ಚಿ, ಸೊನ್ನೆ ಸೊನ್ನೆಗೆ ಕೂಡುತ್ತದೆಯೇ ನೋಡಿ. ಕೂಡದಿದ್ದರೆ ಆ ಎರರ್ ಎಷ್ಟೆಂದು ಮೊದಲು ಹೇಳಿ, ಆಮೇಲೆ ಅಳೆಯಿರಿ. ಆ ವರ್ನಿಯರ್ 0.02 ಮಿ.ಮೀ.ವರೆಗೆ ಮಾತ್ರ ಅಳೆಯುವುದಾದರೆ 0.01ರ ತನಕ ಓದಿದೆ ಅನ್ನಬೇಡಿ, ಅದಕ್ಕೆ ಮೈಕ್ರೊಮೀಟರ್ ಬೇಕು. ಎದುರಿಗಿರುವ ಸೂಪರ್‌ವೈಸರ್ ಕಣ್ಣು ಇರುವುದು ನಿಮ್ಮ ಕೈಮೇಲೆ.

ಸಂಬಳವನ್ನು ಅವರೇ ಎತ್ತುವವರೆಗೆ ಕಾಯಿರಿ. ಎತ್ತದಿದ್ದರೆ ಕೊನೆಗೆ ಕೇಳಿ. ಕೈಗೆ ಎಷ್ಟು, ಪಿಎಫ್, ಇಎಸ್‌ಐ ಇದೆಯೇ, ಎಷ್ಟು ಶಿಫ್ಟು, ರಾತ್ರಿಪಾಳಿಗೆ ಗಾಡಿ ಇದೆಯೇ, ಎಲ್ಲ ಸಂಕೋಚವಿಲ್ಲದೆ ಕೇಳಿ ತಿಳಿಯಿರಿ. ಗಾರ್ಡ್‌ನರ್‌ಗೆ ಸಿಕ್ಕ ತರಬೇತಿಗೆ ಸಂಬಳವೇ ಇರಲಿಲ್ಲ. ಅದು ತಿಳಿದಾಗ ಅವನು ಹಿಗ್ಗಿನಲ್ಲಿ ತಲೆಯಾಡಿಸದೆ, ಆ ರಾತ್ರಿಯವರೆಗೆ ಸಮಯ ಪಡೆದು ಯೋಚಿಸಿಯೇ ಒಪ್ಪುತ್ತಾನೆ. ನೀವೂ ‘ನಾಳೆ ಸಂಜಿ ಒಳಗ ಹೇಳ್ತೀನ್ರಿ’ ಎಂದು ಬನ್ನಿ, ಹೇಳಿದ ಹೊತ್ತಿಗೆ ಫೋನ್ ಮಾಡಿ. ಬೇಡವೆಂದು ತೀರ್ಮಾನಿಸಿದರೂ ಫೋನ್ ಮಾಡಿ. ಇಂದು ಉದ್ಯಮಬಾಗದಲ್ಲಿ ನಿಮ್ಮನ್ನು ಕೇಳಿದ ಎಚ್‌ಆರ್ ಮುಂದಿನ ವರ್ಷ ಮಚ್ಛೆಯ ಇನ್ನೊಂದು ಕಂಪನಿಯಲ್ಲಿ ಕೂತಿರಬಹುದು.